ಹಂಗಾಮಿಗೊಂದು

ಮುಧೋಳದಾಚೆ ಸಕ್ಕರಿ ಕಾರ್ಖಾನಿ,
ಗೇಟಿನ ಬಲಕ್ಕ ಕಾಟಾ ಮನಿ. ಅದರಾಗ ನಾನು,
ಒಂದು ಮಾನಿಟರು, ಕೆಟ್ಟ ಫ್ಯಾನು,
ಡ್ರಾವರಿನ್ಯಾಗ ಒಂದು ದಪ್ಪ ಪುಸ್ತಕ.

ರಾತ್ರಿ ಪಾಳಿ. ಕಬ್ಬಿನ ಟ್ರ್ಯಾಕ್ಟರು ಸಾಲು ಹಚ್ಚಿ ನಿಂತಾವ,
ಒಂದರ ಹಾಡು ಇನ್ನೊಂದರ ಹಾಡಿನ ಮ್ಯಾಲ ಬಿದ್ದು
ಎರಡೂ ತಿಳೀದಂಗ ಆಗ್ಯಾವ.
ತುಂಬಿದ ಗಾಡಿ ಏರತೈತಿ, ಅಂಕಿ ಓಡತೈತಿ, ನಿಲ್ಲತೈತಿ,
ಚೀಟಿ ಹರದು ಕೊಡತೀನಿ.
ಮುಂದಿನದು ಏರೂದರೊಳಗ
ಹೆಚ್ಚಂದ್ರ ಒಂದೂವರಿ ಸಾಲು.

ಹಳಗನ್ನಡದಾಗ ಒಂದ ದಿನದ ಯುದ್ಧ
ನನ್ನ ಕಡೆ ಹತ್ತೊಂಬತ್ತು ರಾತ್ರಿ ನಡೀತು.
ಕತ್ತಿ ಎತ್ತಿದಾಂವ ಎತ್ತಿದಂಗ ನಿಂತಿದ್ದ
ನಾ ಮಹಾಲಿಂಗಪುರದ ಎರಡು ಟ್ರೇಲರ್ ತೂಗಿ ಬರೂತನಕ.
ಪಾಪ, ಕೈ ನೋಯಿಸಿರಬೇಕು.

ಪಟ್ಟಿ ಪೀರಜಾದೆ ಸರ್ ಕೊಟ್ಟದ್ದು.
ಊರ ವಾಚನಾಲಯದಾಗ ಮೂವತ್ತು ವರ್ಷ ಶಿಕ್ಕಾ ಹೊಡದವರು.
'ನಲವತ್ತು ಅದಾವ ನೋಡಪಾ. ಹಂಗಾಮಿಗೊಂದು ಓದು.
ಗಡಿಬಿಡಿ ಬ್ಯಾಡ, ಅವು ಎಲ್ಲಿಗೂ ಹೋಗೂವಲ್ಲ.'
ನನಗ ಆಗ ಮೂವತ್ತೊಂದು. ಬೆರಳ ಮಡಚಿ ಲೆಕ್ಕ ಹಾಕಿದೆ,
ಎಪ್ಪತ್ತೊಂದಕ್ಕ ಮುಗೀತಾವ.
ಕಸ್ತೂರಿ ಕೇಳಿದ್ಲು: 'ಕಣ್ಣ ಇರತಾವೇನು ಅಲ್ಲೀತನಕ?'
ಅದು ಪಟ್ಟ್ಯಾಗ ಬರದಿಲ್ಲ ಅಂದೆ.

ಹದಿಮೂರು ಹಂಗಾಮು ಆದವು. ಪುಸ್ತಕ ಹನ್ನೊಂದು.
ಖರೇ ಹೇಳತೀನಿ, ಒಂದು ನಡುವ ಬಿಟ್ಟೆ.
ಜರ್ಮನಿಯ ಒಬ್ಬ ದೊಡ್ಡ ವಿಚಾರವಂತ, ಕನ್ನಡಕ್ಕ ಬಂದರೂ
ಜರ್ಮನಿಯವನ ಆಗಿ ಉಳಿದಾಂವ.
ಇನ್ನೂರನೇ ಪುಟಕ್ಕ ನನಗೂ ಅವಗೂ ಮಾತು ನಿಂತವು.
ಅಣ್ಣ ಹೋದ ವರ್ಷ ಹೊಸಾದು ಹಿಡೀಲಿಲ್ಲ.
ಹಳೇ ಕಾದಂಬರಿ ಒಂದು ಮತ್ತ ತಗದು
ಅದರಾಗ ಒಬ್ಬ ಮುದುಕಿ ನಸುಕಿನ್ಯಾಗ ಒಲಿ ಹೊತ್ತಸೂ ಪುಟ,
ಅದೊಂದ ಪುಟ, ಓದತಿದ್ದೆ, ಮುಚ್ಚತಿದ್ದೆ.
ಸರಗ ಹೇಳಿಲ್ಲ ಇದನ್ನ. ಈಗ ಹೇಳಾಕ ಅವರೂ ಇಲ್ಲ.

ರೈತರು ಅಂತಾರ, ಈ ಕಾಟಾ ಸುಳ್ಳ ಹೇಳತೈತಿ.
ಒಮ್ಮೆ ಗಾಡಿ ಇಲ್ಲದ ಹೊತ್ತಿನ್ಯಾಗ
ಪುಸ್ತಕ ಹಿಡಕೊಂಡು ನಾನ ಅದರ ಮ್ಯಾಲ ಹೋಗಿ ನಿಂತೆ.
ಹೊರಗಿನ ಕೆಂಪ ಅಂಕಿ ಎಂಬತ್ತು ತೋರಿಸ್ತು.
ಒಳಗ ಇಟ್ಟು ಬಂದು ಬರಿಗೈಲೆ ನಿಂತೆ. ಎಂಬತ್ತ.
ಇಪ್ಪತ್ತು ಕಿಲೋದ ಕೆಳಗಿನದು ಇದರ ಕಣ್ಣಿಗೆ ಬೀಳೂದಿಲ್ಲ.
ಸುಳ್ಳಲ್ಲಪಾ ಅದು,
ಸಣ್ಣದು ತಿಳಿಯೂದಿಲ್ಲ, ಅಷ್ಟ.

ಹೋದ ಹಂಗಾಮಿನ್ಯಾಗ ಗದಿಗೆಪ್ಪ ಸ್ಟೇರಿಂಗಿನ ಮ್ಯಾಲಿಂದ ಬಗ್ಗಿ ಕೇಳಿದ:
'ಏನ್ರಿ ಕಾಟಾ ಸಾಹೇಬ್ರ, ಏನಿರತೈತಿ ಅದರಾಗ?'
'ಮಂಜ ಬೀಳೂ ದೇಶದ್ದೋ. ಒಬ್ಬಾಕಿ ಒಬ್ಬಗ ಪತ್ರ ಬರದಾಳ.
ಇನ್ನೂ ಮುಟ್ಟಿಲ್ಲ.'
'ಬರದು ಎಷ್ಟ ದಿನ ಆತು?'
'ದೀಪಾವಳಿಗೆ ಬರದಾಳ.'
ಅವ ಗೇರ್ ಹಾಕಿದ. ಮರುದಿನ ತೂಕದ ಚೀಟಿ ನೋಡದನ
ಕೇಳಿದ, 'ಮುಟ್ತೇನ್ರಿ?'
ಇಲ್ಲ ಅಂದೆ. ಸಂಕ್ರಾಂತಿಗೆ ಕೇಳಿದ, ಶಿವರಾತ್ರಿಗೆ ಕೇಳಿದ.
'ಎಂಥಾ ಪೋಸ್ಟ್‌ಮನ್ ಅದಾನ್ರಿ ಅಲ್ಲೆ!'
ಒಂದ ರಾತ್ರಿ ನನಗೂ ತಡೀಲಿಲ್ಲ,
ಮುಂದಿನ ಹಾಳಿಗೆ ಬೆರಳ ಹೋತು. ತಗದೆ ಕೈ.

ಪತ್ರ ಮುಟ್ಟಿದ ರಾತ್ರಿ ಗದಿಗೆಪ್ಪ ಬರಲಿಲ್ಲ.
ಅವರ ಹೊಲದ ಕಬ್ಬು ಹಿಂದಿನ ದಿನಾನ ತೀರಿತ್ತು.
ವಾರದಾಗ ಕಡೀ ಭೋಂಗಾ ಊದಿತು, ಕಾರ್ಖಾನಿ ನಿಂತಿತು,
ನಾ ಮನ್ಯಾಗ ಕುಂತು ಕಡೀತನಕ ಓದಿ ಮುಗಿಸಿದೆ,
ಒಂದೂವರಿ ಸಾಲಿಗೆ ಏಳಬೇಕಿಲ್ಲದ
ಆ ಓದು ಯಾಕೋ ಸಪ್ಪ.

ನಿನ್ನೆ ಈ ಹಂಗಾಮಿನ ಮೊದಲನೇ ಪಾಳಿ.
ಡ್ರಾವರಿನ್ಯಾಗ ಬ್ಯಾರೆ ದೇಶ, ಬ್ಯಾರೆ ಮಂದಿ,
ಒಬ್ಬರ ಹೆಸರೂ ಇನ್ನ ನಾಲಿಗಿಗೆ ಕುಂತಿಲ್ಲ.
ಏಳನೇ ಗಾಡಿ ಅವಂದು. ಏರಿತು, ಅಂಕಿ ನಿಂತಿತು.
'ಮುಟ್ತೇನ್ರಿ?'
'ಮುಟ್ತೋ.'
'ಏನಂದ ಅವ?'
ಹಿಂದಿನ ಟ್ರ್ಯಾಕ್ಟರು ಹಾರ್ನ್ ಹೊಡದ ಹೊಡೀತು.
ಚೀಟಿ ಇನ್ನೂ ನನ್ನ ಕೈಯಾಗ ಐತಿ.