ಹತ್ತು ಕಿಲೋಮೀಟರು, ಮೂರು ವರ್ಷ

ರೂವಿಯ ಹಿಂಬೀದಿ, ದರ್ಜಿ ಅಂಗಡಿಯ ಮಾಳಿಗೆ.
ಗಾಜಿಗೆ ಕಪ್ಪು ಹಾಳೆ, ಒಳಗೆ ಹೆಂಗಸರು ಮಾತ್ರ.
ಇವತ್ತು ಒಬ್ಬ ಗಂಡಸು ಬಂದಿದ್ದಾನೆ, ಶೂ ಕಳಚದೆ,
ಟ್ಯಾಬ್ಲೆಟಿನಲ್ಲಿ ಗುರುತು ಹಾಕುತ್ತ:
ಟ್ರೆಡ್‌ಮಿಲ್ ನಾಲ್ಕು, ಸೈಕಲ್ ಐದು, ಕನ್ನಡಿ ಹನ್ನೊಂದು.

ಮೂರನೆಯ ಟ್ರೆಡ್‌ಮಿಲ್ ಎಡಕ್ಕೆ ಎಳೆಯುತ್ತದೆ, ಎಂದೆ.
ಮಾರುವವಳು ಆಡುವ ಮಾತಲ್ಲ ಅದು.
ಅವನು ನಕ್ಕು ಐವತ್ತು ರಿಯಾಲು ಇಳಿಸಿದ.

ಮೂಲೆಯಲ್ಲಿ ಹಾಲುಪುಡಿಯ ಎರಡು ಡಬ್ಬಿ,
ಸಿಮೆಂಟು ತುಂಬಿ ಸರಳು ನೆಟ್ಟದ್ದು.
"ಇವು?" ಅಂದ.
"ಇವು ಮೊದಲಿನವು."
ಕಟ್ಟಡದವರು ಬಿಟ್ಟುಹೋದ ಅರ್ಧ ಚೀಲ ಸಿಮೆಂಟು,
ಹಗಲೆಲ್ಲ ಕ್ಲಿನಿಕ್ಕಿನಲ್ಲಿ ಬೇರೆಯವರ ಮಂಡಿ ಮಡಚಿ ಬಿಡಿಸಿ
ರಾತ್ರಿ ಬಾಲ್ಕನಿಯಲ್ಲಿ ಕಲಸಿದ್ದೆ,
ಹಿಟ್ಟು ನಾದುವ ಹಾಗೆ, ಬರಿಗೈಯಲ್ಲಿ. ಅಂಗೈ ಸುಲಿದಿತ್ತು.
ಒಂದು ನಾಲ್ಕು ಕಿಲೋ, ಅದರ ಜೋಡಿ ನಾಲ್ಕೂಕಾಲು.
ಆ ಕಾಲು ಕಿಲೋ ನನ್ನ ಬಲಭುಜದಲ್ಲಿ ಇನ್ನೂ ಉಂಟು.

ಅವುಗಳ ಎದುರು ಸೊನ್ನೆ ಬರೆದ.

ಬ್ಯಾಂಕಿನ ಬಾಗಿಲು ತಟ್ಟಲಿಲ್ಲ. ಭಾವ ಪಾಲು ಕೇಳಿದ, ಕೊಡಲಿಲ್ಲ.
ರಸೀದಿ ಬರೆದವಳು ನಾನು, ಪಾಯಿಖಾನೆ ತೊಳೆದವಳು ನಾನು,
ಎಸಿ ಸತ್ತ ಜುಲೈಯಲ್ಲಿ ಏಣಿ ಹತ್ತಿದವಳೂ.
ಸ್ವಂತ ಕಾಲ ಮೇಲೆ ನಿಂತವಳು, ಅನ್ನುತ್ತಾರೆ ಕಿನ್ನಿಗೋಳಿಯಲ್ಲಿ.
ನಿಂತದ್ದು ಹೌದು.
ಬಲದಿಯಾದ ಲೈಸೆನ್ಸಿಗೆ ಕಾಸು ಸಾಲದೆ ಹೋದ ವಾರ
ಸುಡಾನಿನ ಲೆಕ್ಕದ ಟೀಚರು, ಏನೂ ಕೇಳದೆ,
ಇಡೀ ವರ್ಷದ ಫೀಸು ಮೇಜಿನ ಮೇಲೆ ಇಟ್ಟುಹೋದದ್ದು
ಕಿನ್ನಿಗೋಳಿಗೆ ಗೊತ್ತಿಲ್ಲ.

ಪಟ್ಟಿಯ ಕೊನೆಗೆ ಒಂದು ಸಾಲು: ಗುಡ್‌ವಿಲ್, ಆರು ಸಾವಿರ.
ಅಂದರೇನು ಎಂದು ಕೇಳಿದೆ, ಗೊತ್ತಿದ್ದೂ.
"ಇಲ್ಲಿ ಕಣ್ಣಿಗೆ ಕಾಣದ್ದು," ಅಂದ.
ಮಾರಿವಿಕ್ ನೆನಪಾದಳು.
ರಾತ್ರಿಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದು
ಕಿಟಕಿ ಪಕ್ಕದ ಚಾಪೆಯಲ್ಲಿ ಇಪ್ಪತ್ತು ನಿಮಿಷ ನಿದ್ದೆ ಹೊಡೆದು
ಎದ್ದು ಹೋಗುವವಳು. ಒಂದು ಡಂಬೆಲ್ ಮುಟ್ಟಿದವಳಲ್ಲ.
ತಿಂಗಳ ಒಂದನೇ ತಾರೀಕು ಫೀಸು ತಪ್ಪಿಸಿದವಳೂ ಅಲ್ಲ.
ಅವಳ ಗೊರಕೆ ಈ ಆರು ಸಾವಿರದಲ್ಲಿ ಸೇರಿತೋ, ಬೇರೆಯೋ?

ಯಾಕೆ ಮಾರುತ್ತಿ, ಎಲ್ಲರೂ ಕೇಳಿದರು.
ಒಳ್ಳೆ ಬೆಲೆ ಬಂತು ಎಂದೆ. ನಿಜವೇ.
ಹದಿಮೂರು ವರ್ಷ ನಾಲ್ಕು ಗಂಟೆಗೆ ಎದ್ದು ಸಾಕಾಗಿತ್ತು,
ಅದೂ ನಿಜ. ಹೇಳಲಿಲ್ಲ.

ಹದಿನಾಲ್ಕನೆಯ ಕಲಮು ಓದಿ ಕೇಳಿಸಿದ:
ಸದರಿ ಸೆವ್ರಿನಾ ಮಿನೇಜಸ್
ಇಲ್ಲಿಂದ ಹತ್ತು ಕಿಲೋಮೀಟರಿನೊಳಗೆ, ಮೂರು ವರ್ಷ,
ಯಾರಿಗೂ ವ್ಯಾಯಾಮ ಕಲಿಸಕೂಡದು,
ಪುಕ್ಕಟೆಯಾಗಿಯೂ.
ಸಹಿ ಹಾಕಿದೆ. ಪೆನ್ನು ಅವನದೇ, ಹಗುರ.

ಬೀಗದ ಕೈ ಕೊಟ್ಟು ಕೆಳಗಿಳಿದೆ,
ಎರಡು ಕೈಯಲ್ಲಿ ಎರಡು ಸೊನ್ನೆ ಹಿಡಿದುಕೊಂಡು.
ದರ್ಜಿ ಹೊಲಿಗೆ ನಿಲ್ಲಿಸಿ ನೋಡಿದ, ಮತ್ತೆ ತುಳಿದ.

ನಮ್ಮ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತ್ತು.
ಮೆಟ್ಟಿಲ ಬುಡದಲ್ಲಿ ಹೊಸದಾಗಿ ಬಂದ ತಮಿಳು ಹುಡುಗಿ,
ಇಪ್ಪತ್ತು ಲೀಟರಿನ ನೀರಿನ ಕ್ಯಾನಿನ ಮೇಲೆ
ಬಿಲ್ಲಿನ ಹಾಗೆ ಬಾಗಿ, ಉಸಿರು ಕಟ್ಟಿ ಎಳೆಯುತ್ತಿದ್ದಳು.
ಡಬ್ಬಿ ಕೆಳಗಿಟ್ಟೆ.
ಬೆನ್ನಲ್ಲ ಮಾರಾಯ್ತಿ, ಮಂಡಿ. ಮಂಡಿ ಬಗ್ಗಿಸು.
ಹತ್ತಿರ ತಗೊ, ಮಗುವನ್ನು ಎತ್ತುವ ಹಾಗೆ.
ಈಗ ಉಸಿರು ಬಿಡು, ಬಿಡುತ್ತ ಏಳು.
ಅವಳಿಗೆ ನನ್ನ ಭಾಷೆ ಬಾರದು; ಕೂತು ತೋರಿಸಿದೆ.
ಎದ್ದಳು. ಕ್ಯಾನೂ ಎದ್ದಿತು.

ಅಂಗಡಿಯಿಂದ ನಮ್ಮ ಮನೆಗೆ ಒಂದೂವರೆ ಕಿಲೋಮೀಟರು.
ಗುಡ್ಡ ಸುತ್ತಿ ಬಂದರೆ ಎರಡು.