ಹೊತ್ತು ಮುಳುಗದ ಊರು

ಟ್ರೊಮ್ಸೊದಾಗ ರಾತ್ರಿ ಹನ್ನೆರಡಕ್ಕ ಬಿಸಿಲು.
ಹಾಸಿಗಿ ಮ್ಯಾಲೆ, ಬಿಚ್ಚಿಟ್ಟ ಚಟ್ನಿಪುಡಿ ಪೊಟ್ಟಣದ ಮ್ಯಾಲೆ.
ಬಂದರದಾಗ ಬಲಿ ಹೊಲಿಯೋ ಮುದುಕಿ
ಸರದು ಜಾಗಾ ಕೊಟ್ಲು, ಮಾತಿಲ್ಲ.
ಮೂರು ದಿನದಾಗ ಅದೊಂದ ನನ್ನ ಹರಟಿ.

ಬೆಟಗೇರಿಗೆ ಬಂದು ಹೇಳಿದ್ರ
ಮಗ್ಗದ ಕುಣಿಯೊಳಗ ಕಾಲಿಟ್ಟ ನೀಲವ್ವತ್ತಿ
ಲಾಳಿ ನಿಲ್ಲಿಸಿ ಕೇಳಿದ್ಲು:
"ಹೊತ್ತ ಮುಳಗಲಿಲ್ಲಂದ್ರ ಕೆಲಸ ಯಾವಾಗ ಬಿಡತಾರ?"
ನನಗ ಗೊತ್ತಿರಲಿಲ್ಲ. ಕೇಳಬೇಕಿತ್ತು ಆ ಮುದುಕೀನ.

ಫೋಟೋ ತೋರಿಸಿದೆ:
ಡೆನ್ಮಾರ್ಕಿನ ಸಮುದ್ರದಾಗ ಸಾಲಾಗಿ ನಿಂತ ಗಾಳಿ ಫ್ಯಾನು.
"ಅಯ್ಯ, ಕಪ್ಪತಗುಡ್ಡಕ್ಕ ಇಷ್ಟ ನೀರು ಯಾವಾಗ ಬಂದಾವ?"
ಚಾಳೀಸು ಸೆರಗಿಗೆ ಒರಸಿ ಮತ್ತೊಮ್ಮೆ ನೋಡಿದ್ಲು.
"ಒಬ್ಬಾಕೀನ ಹೋಗಿದ್ದೇನ, ಹುಚ್ಚೀ?"
ಕಾಲು ಮ್ಯಾಲೆ ಎಳಕೊಂಡು
ದೀಪ ಆರಿಸಿದ್ಲು.

ಕತ್ತಲಿ.
ಅಷ್ಟೂ ಊರಿನ್ಯಾಗ ಇದೊಂದು
ಸಿಕ್ಕಿರಲಿಲ್ಲ ನನಗ.