ಮೂಟೆಯಲ್ಲಿ ಬಂದ ಕೋಟು

ಹಡಗಿಳಿದ ಹಳೇ ಬಟ್ಟೆಯ ಮೂಟೆಯೊಳಗಿಂದ
ತಮ್ಮನೇ ಹೆಕ್ಕಿದ್ದು: ಟೋಪಿ ಹೊಲಿದ ದಪ್ಪ ಕೋಟು.
ಪೋರ್ಟ್ ಹಾರ್ಕೋರ್ಟಿನ ಈ ಕುದಿಯಲ್ಲೂ ಕಳಚುವುದಿಲ್ಲ.
ಜೇಬಿನಲ್ಲಿ ಯಾರದೋ ಬಸ್ ಚೀಟಿ ಸಿಕ್ಕಿತ್ತು,
ಬ್ರಾಂಕ್ಸಿನದು. ಪರ್ಸಿನೊಳಗೆ,
ಸಂತನ ಪಟದ ಹಿಂದೆ ಇಟ್ಟುಕೊಂಡಿದ್ದಾನೆ.

ಇಬಿಫುರೊ ಅಂದರೆ ಈಗ ತಿರುಗಿಯೂ ನೋಡುವುದಿಲ್ಲ,
'ಕಿಂಗ್ ಫ್ರಾಸ್ಟ್' ಅನ್ನಬೇಕು.
ಕರೆಂಟು ಹೋದರೆ ಪಕ್ಕದ ಮನೆ ಜನರೇಟರಿನ
ಗುಡುಗುಡುವನ್ನೇ ತಾಳ ಮಾಡಿಕೊಂಡು
ಹಿಮ ಬಿದ್ದ ಬೀದಿಯ ಮೇಲೆ ಪದ ಕಟ್ಟುತ್ತಾನೆ
ಮೂಗಿನಿಂದ, ನಾಲಿಗೆ ಮಡಚಿ.
"ಹಿಮ ನೋಡಿದ್ದೀಯೇನೋ?" ಅಂದೆ.
"ನೀನು ಸ್ವರ್ಗ ನೋಡಿದ್ಯಾ ಅಕ್ಕ, ಭಾನುವಾರ ಹಾಡಲ್ವಾ?"
ಸೋತೆ.

ಮೊನ್ನೆ ಅವ್ವ ಹಿತ್ತಲಿಂದ ಕೂಗಿದಳು,
ಮಸಿ ಬೀಳ್ತಿದೆ, ಬಟ್ಟೆ ತೆಗೀರೋ!
ಕದ್ದ ಎಣ್ಣೆ ಕಾಯಿಸುವ ಕಾಡಿನ ಕಡೆಯಿಂದ ಬರುತ್ತದೆ ಅದು,
ಸದ್ದಿಲ್ಲದೆ, ಮೆತ್ತಗೆ,
ಬಿಳಿ ಯೂನಿಫಾರ್ಮಿನ ಮೇಲೆ, ಮುಚ್ಚದ ಸಾರಿನ ಮೇಲೆ, ಮೂಗಿನೊಳಕ್ಕೆ.
ತಮ್ಮ ಅಂಗಳದಲ್ಲೇ ನಿಂತ, ಅಂಗೈ ಚಾಚಿ.
ಒಂದು ಚೂರು ಬಿತ್ತು.
ಉಜ್ಜಿದ. ಕರಗಲಿಲ್ಲ.

ಆ ರಾತ್ರಿಯ ಪದ ಬೇರೆ.
ಕಲಬರಿಯಲ್ಲಿ ಶುರು, ನಡುವೆ ಪಿಜಿನ್,
ಅವ್ವನವೇ ಎರಡು ಬೈಗುಳ.
ಬಾಗಿಲಿಗೆ ಒರಗಿ ಪೂರ್ತಿ ಕೇಳಿದ ಅವ್ವ
"ಮೊದಲು ಆ ಕೋಟು ಒಗೆಯೋಕೆ ಹಾಕು" ಅಂದಳು.